ಲೆಕ್ಕ ಬಾರದವನಿಗೆ ವೈದ್ಯವಿದ್ಯೆ ವರ್ಜ್ಯವೆ?



"ಲೆಕ್ಕ ಬಾರದ ಹುಡುಗ ಡಾಕ್ಟರನಾಗುವುದುಂಟೆ?" ಎಂಬ ಮಾತು ನಮ್ಮ ಕಾಸರಗೋಡು ಸೀಮೆಯ ಹಳ್ಳಿಗಳಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ದಿನ ಅಂಗಡಿಯ ಜಗಲಿಯಲ್ಲಿ ಕುಳಿತ ಹಿರಿಯರು ಇದನ್ನು ಆಡುತ್ತಾರೆ. ಉಪಾಧ್ಯಾಯರಾದ ನಾವೂ ಆಡುತ್ತೇವೆ. ಇದು ಅಜ್ಞಾನದಿಂದ ಹುಟ್ಟಿದ ಅನ್ಯಾಯದ ಮಾತೆಂದು ಸಾರುವುದಕ್ಕಾಗಿಯೇ ಈ ಪುಟಗಳನ್ನು ಬರೆಯುತ್ತಿದ್ದೇನೆ.

ಇದಕ್ಕೆ ಎದುರಾದ ಇನ್ನೊಂದು ತಪ್ಪೂ ಇದೆ. ಅದನ್ನು ಮಾಡಿದವನು ನಾನೇ. ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇವಿಷ್ಟೇ ವಿಧಿಸಿದ ವಿಷಯಗಳು, ಗಣಿತ ಕಡ್ಡಾಯವಲ್ಲ. ಈ ನಿಯಮವನ್ನು ನೆಚ್ಚಿಕೊಂಡು, ಲೆಕ್ಕದಲ್ಲಿ ಹಿಂದುಳಿದಿದ್ದ ಒಬ್ಬ ಜಾಣ ಹುಡುಗಿಗೆ, "ಲೆಕ್ಕವಿಲ್ಲದ ಗುಂಪನ್ನು ತೆಗೆದುಕೋ ಮಗಳೇ, ಪಾರಾಗುವೆ" ಎಂದು ಬುದ್ಧಿ ಹೇಳಿದೆ. ವರ್ಷ ಕಳೆಯುವುದರೊಳಗೆ ಆಕೆ ಭೌತಶಾಸ್ತ್ರದ ಪುಸ್ತಕವನ್ನು ಹಿಡಿದು ಬಂದಳು. "ಪಾಠ ಅರ್ಥವಾಗುತ್ತದೆ ಮಾಸ್ಟ್ರೇ, ಸೂತ್ರವನ್ನು ತಿರುಗಿಸಲು ಬರುವುದಿಲ್ಲ" ಎಂದಳು. ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ 2025ರಲ್ಲಿ ಇದ್ದ 180 ಪ್ರಶ್ನೆಗಳಲ್ಲಿ 45 ಭೌತಶಾಸ್ತ್ರದವು, 45 ರಸಾಯನಶಾಸ್ತ್ರದವು, ಗಣಕಯಂತ್ರಕ್ಕೆ ಅಪ್ಪಣೆಯಿಲ್ಲ. ಮುಂಬಾಗಿಲಿನಿಂದ ನಾನು ಹೊರಗಟ್ಟಿದ ಗಣಿತ ಹಿತ್ತಲ ಬಾಗಿಲಿನಿಂದ ಒಳಬಂದು ಕುಳಿತಿತ್ತು. ಆ ಮಗು ಈಗ ಪೇಟೆಯ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿಕೊಡುತ್ತಿದ್ದಾಳೆ. ದುಡಿಮೆ ಯಾವುದೂ ಕೀಳಲ್ಲ, ನಿಜ; ಆದರೆ ಆಕೆ ಬಯಸಿದ್ದು ಅದನ್ನಲ್ಲ.

ಹಾಗಾದರೆ ವೈದ್ಯನಿಗೆ ಬೇಕಾದ ಗಣಿತ ಎಂಥದು? 12 ಕಿಲೋ ತೂಗುವ ಮಗುವಿಗೆ ಜ್ವರ ಬಂದಿದೆಯೆನ್ನಿ. ಕಿಲೋ ಒಂದಕ್ಕೆ 15 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎಂದರೆ 180 ಮಿಲಿಗ್ರಾಂ ಆಯಿತು. ಸೀಸೆಯ ಮೇಲೆ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಎಂದಿದ್ದರೆ ಏಳೂವರೆ ಮಿಲಿಲೀಟರ್ ಕೊಡಬೇಕು. ಇದು ನಮ್ಮ ಅಜ್ಜಂದಿರು ಅಡಕೆ ಮಾರಾಟದಲ್ಲಿ ಬಾಯಲ್ಲೇ ಮಾಡುತ್ತಿದ್ದ ತ್ರೈರಾಶಿಯಲ್ಲದೆ ಮತ್ತೇನು? ಇನ್ನೊಂದು ಮೆಟ್ಟಿಲು ಮೇಲೇರಿದರೆ ಲಘುಗಣಕ. ರಕ್ತದ ಪಿ.ಎಚ್. 7.4ರಿಂದ 7.1ಕ್ಕೆ ಇಳಿಯಿತೆಂದರೆ ಅಂಕಿಯಲ್ಲಿ ಅದು ಅಲ್ಪ. ಆದರೆ ರಕ್ತದಲ್ಲಿ ಹೈಡ್ರೋಜನ್ ಅಯಾನುಗಳ ಪ್ರಮಾಣ ಇಮ್ಮಡಿಯಾಗಿರುತ್ತದೆ, ರೋಗಿ ಅಪಾಯದಲ್ಲಿರುತ್ತಾನೆ. ಭಿನ್ನರಾಶಿ, ಅನುಪಾತ, ಘಾತಾಂಕ, ಸರಳ ಬೀಜಗಣಿತ, ಲಘುಗಣಕ, ಸ್ವಲ್ಪ ತ್ರಿಕೋಣಮಿತಿ ಇವು ಗಟ್ಟಿಯಾದರೆ ತಳಹದಿ ಬಿದ್ದಂತೆ. ಇವುಗಳಲ್ಲಿ ಬಹುಪಾಲು ಹತ್ತನೆಯ ತರಗತಿಯೊಳಗಿನವು. ಅಲ್ಲಿ ಬಿಟ್ಟುಹೋದದ್ದನ್ನು ಹದಿನಾರನೆಯ ವಯಸ್ಸಿನಲ್ಲಿ ಕಲಿಯಲಾಗದೆಂದು ಯಾವ ಶಾಸ್ತ್ರ ಹೇಳಿದೆ?

ಅಮೆರಿಕ ದೇಶದ ಕ್ರಮವನ್ನು ನೋಡಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷಗಳ ಪದವಿಯ ನಂತರವೇ ವೈದ್ಯಶಾಲೆ. ಕಾಲೇಜು ಸೇರಿದಾಗ ಅನೇಕ ಕಡೆ ಗಣಿತದ ಮಟ್ಟವನ್ನು ಪರೀಕ್ಷಿಸಿ, ಹಿಂದುಳಿದವನನ್ನು ಬೀಜಗಣಿತದ ತರಗತಿಯಲ್ಲಿ ಕೂರಿಸುತ್ತಾರೆ. ಕೆಳಗಿನಿಂದ ಆರಂಭಿಸಿದರೆ ವೈದ್ಯಶಾಲೆಯವರು ಹೀನಾಯವಾಗಿ ಕಂಡಾರೆಂಬ ಅಂಜಿಕೆ ಅಲ್ಲಿಯ ಹುಡುಗರಿಗೂ ಉಂಟು. ಆದರೆ ಅವರ ಪ್ರವೇಶ ಪರೀಕ್ಷೆಯಾದ ಎಂ.ಸಿ.ಎ.ಟಿ. ಕಲನಶಾಸ್ತ್ರವನ್ನು ಕೇಳುವುದಿಲ್ಲ, ಗಣಕಯಂತ್ರವಿಲ್ಲದೆ ಬೀಜಗಣಿತ, ಲಘುಗಣಕಗಳನ್ನು ಬಳಸುವ ಶಕ್ತಿಯನ್ನು ಕೇಳುತ್ತದೆ. ಕೆಲವು ವೈದ್ಯಶಾಲೆಗಳು ಸಂಖ್ಯಾಶಾಸ್ತ್ರವನ್ನೋ ಕಲನಶಾಸ್ತ್ರವನ್ನೋ ಬೇರೆಯಾಗಿ ಅಪೇಕ್ಷಿಸುವುದುಂಟು. ರಸಾಯನಶಾಸ್ತ್ರಕ್ಕೆ ಮೊದಲು ಬೀಜಗಣಿತ ಬೇಕಾದುದರಿಂದ ಕೆಳಗಿನಿಂದ ಹೊರಟವನು ಒಂದೆರಡು ಅವಧಿ ತಡವಾಗಿ ತಲುಪಿಯಾನು, ತಲುಪದೆ ಇರುವುದಿಲ್ಲ.

ನಮ್ಮಲ್ಲಿ ಆ ಕೆಳಗಿನ ಮೆಟ್ಟಿಲೇ ಇಲ್ಲ. ಹನ್ನೊಂದನೆಯ ತರಗತಿಯಲ್ಲಿ ಎಲ್ಲರಿಗೂ ಒಂದೇ ಪುಟದಿಂದ ಪಾಠ. ಅದರ ಮೇಲೆ ಹತ್ತು ವರ್ಷ ಕನ್ನಡದಲ್ಲಿ ಕಲಿತ ಮಗು ಅಂದಿನಿಂದ ಇಂಗ್ಲಿಷಿನಲ್ಲಿ ಕಲಿಯಬೇಕು. ಘಾತಾಂಕವನ್ನು ಚೆನ್ನಾಗಿ ಬಲ್ಲ ಹುಡುಗ "ಎಕ್ಸ್‌ಪೊನೆಂಟ್" ಎಂಬ ಶಬ್ದ ಕೇಳಿ ತಬ್ಬಿಬ್ಬಾದರೆ ಅವನನ್ನು ಲೆಕ್ಕದಲ್ಲಿ ದಡ್ಡನೆಂದು ಬರೆದಿಡುತ್ತೇವೆ! 2025ರ ನೀಟ್ ಕನ್ನಡದಲ್ಲಿಯೂ ನಡೆಯಿತು, ಸಂತೋಷ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆತದ್ದು ಕರ್ನಾಟಕದೊಳಗಿನ ಕೇಂದ್ರಗಳಲ್ಲಿ ಮಾತ್ರ. ಗಡಿಯಾಚೆಯ ಕನ್ನಡ ಮಗು ಅದು ಬೇಕೆಂದರೆ ಗಡಿ ದಾಟಬೇಕು. ಇದನ್ನು ಬರೆದು ಕೇಳುವ ಕೆಲಸ ನಮ್ಮದಲ್ಲವೆ?

ಇಷ್ಟು ಗಟ್ಟಿಯಾಗಿ ಏಕೆ ಕೂಗಬೇಕೆನ್ನುವವರು 2020ರ ಮಾರ್ಚ್ ತಿಂಗಳನ್ನು ನೆನೆಯಲಿ. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮವರು ಹಲವರು ಚಿಕಿತ್ಸೆ ಕಾಣದೆ ಪ್ರಾಣಬಿಟ್ಟರು. ಎಣ್ಮಕಜೆಯ ಪಡ್ರೆಯನ್ನೂ ನೆನೆಯಲಿ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲದಲ್ಲಿ, ಇಷ್ಟು ಚಿಕ್ಕ ಊರಿಗೆ ಇಷ್ಟು ಕಾಯಿಲೆ ಲೆಕ್ಕಕ್ಕೆ ಮೀರಿದ್ದೆಂದು ಮೊದಮೊದಲು ಎಚ್ಚರಿಸಿದವರಲ್ಲಿ ಅಲ್ಲಿಯೇ ಹಳ್ಳಿಯ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು ಒಬ್ಬರು. ಅವರು ಮಾಡಿದ್ದೂ ಅನುಪಾತದ ಲೆಕ್ಕವೇ. ಅದನ್ನು ಮಾಡಲು ಊರಿನ ಮನೆಮನೆಯನ್ನು ಬಲ್ಲ ವೈದ್ಯನೇ ಬೇಕಾಗಿತ್ತು.

ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹೊಲ ಅಡವಿಟ್ಟು ಮಗುವನ್ನು ದೂರದ ತರಬೇತಿ ಕೇಂದ್ರಕ್ಕೆ ಅಟ್ಟುವ ಮುನ್ನ ಅದರ ಲೆಕ್ಕದ ಮಟ್ಟವನ್ನು ನೋಡಿಸಿರಿ. ಏಳನೆಯ ತರಗತಿಯ ಭಿನ್ನರಾಶಿಯಲ್ಲಿ ತಡೆದರೆ ಅಲ್ಲಿಂದಲೇ ಹೊರಡಲಿ. ಒಂದು ವರ್ಷ ಹೋದರೆ ಹೋಗಲಿ. ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಶಾಲೆಯ ಮೂಡಣ ಕೊಠಡಿ ತೆರೆದಿರುತ್ತದೆ. ಪಾಠ ಕನ್ನಡದಲ್ಲಿ; ಹಲಗೆಯ ಮೇಲೆ ಪಕ್ಕದಲ್ಲೇ ಇಂಗ್ಲಿಷ್ ಶಬ್ದವನ್ನೂ ಬರೆಯುತ್ತೇನೆ. ಶುಲ್ಕವಿಲ್ಲ. ನೋಟುಪುಸ್ತಕ ಒಂದನ್ನು ತಂದರೆ ಸಾಕು.