ಗ್ಯಾಸ್ ಅನ್ನುವ ಮೊದಲು ನಾಡಿ ಹಿಡಿದು ನೋಡಿ

ಹೃದಯದ ಕಾಯಿಲೆ ಎಂದರೆ ನಮಗೆಲ್ಲ ನೆನಪಾಗುವುದು ಹೃದಯಾಘಾತ ಒಂದೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ, 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಟಿ.ವಿ.ಯಲ್ಲಿ ಬಂದಾಗಲೂ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಆ ಭಯ ತಪ್ಪಲ್ಲ. ಆದರೆ ಸದ್ದಿಲ್ಲದೆ ಬರುವ ಇನ್ನೊಂದು ಕಾಯಿಲೆಯ ಬಗ್ಗೆ ನಮ್ಮ ಮನೆಗಳಲ್ಲಿ ಮಾತೇ ಇಲ್ಲ. ಅದರ ಹೆಸರು ಏಟ್ರಿಯಲ್ ಫಿಬ್ರಿಲೇಶನ್. ಸರಳವಾಗಿ ಹೇಳುವುದಾದರೆ, ಹೃದಯದ ತಾಳ ತಪ್ಪುವುದು.

ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಇಲ್ಲಿ ಕೆಡುವುದು ಹೃದಯದ ಕರೆಂಟು. ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ್ದೇವೆ: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಒಂದು ಪುಟ್ಟ ಗಂಟು ನಿಮಿಷಕ್ಕೆ 60ರಿಂದ 100 ಸಲ ಸಂಕೇತ ಕೊಡುತ್ತದೆ, ಇಡೀ ಹೃದಯ ಅದನ್ನು ಪಾಲಿಸುತ್ತದೆ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಒಬ್ಬರೇ ಹರಾಜು ಕೂಗಿದರೆ ವ್ಯಾಪಾರ ಸಾಗುತ್ತದೆ. ನೂರು ಜನ ಒಟ್ಟಿಗೆ ಕೂಗಿದರೆ? ಈ ಕಾಯಿಲೆಯಲ್ಲಿ ಆಗುವುದು ಅದೇ. ಹೃತ್ಕರ್ಣಗಳಲ್ಲಿ ನಿಮಿಷಕ್ಕೆ 350ಕ್ಕೂ ಹೆಚ್ಚು ಸಂಕೇತಗಳು ಓಡಾಡುತ್ತವೆ. ಅವು ಸರಿಯಾಗಿ ಸಂಕುಚಿಸದೆ ಬರೀ ನಡುಗುತ್ತವೆ. ಆ ಸಂಕೇತಗಳಲ್ಲಿ ಕೆಲವು ಮಾತ್ರ ಕೆಳಗಿನ ಕೋಣೆಗಳಿಗೆ ಇಳಿಯುವುದರಿಂದ ನಾಡಿ ಒಮ್ಮೆ ಬೇಗ, ಒಮ್ಮೆ ತಡವಾಗಿ, ಲೆಕ್ಕವಿಲ್ಲದಂತೆ ಬಡಿಯುತ್ತದೆ.

ಇದು ಹೇಗೆ ಶುರುವಾಗುತ್ತದೆ? ಬೆಂಕಿಗೆ ಕಿಡಿಯೂ ಬೇಕು, ಒಣಹುಲ್ಲೂ ಬೇಕು. 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು, ಕಿಡಿ ಹೆಚ್ಚಾಗಿ ಏಳುವುದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳಲ್ಲಿ ಎಂದು ತೋರಿಸಿದರು. ಒಣಹುಲ್ಲು ಸಿದ್ಧವಾಗಲು ವರ್ಷಗಳೇ ಬೇಕು. ಬಿ.ಪಿ. ಹೆಚ್ಚಿದ್ದರೆ ಎಡ ಹೃತ್ಕರ್ಣ ನಿಧಾನವಾಗಿ ಹಿಗ್ಗುತ್ತದೆ, ಅದರ ಗೋಡೆಯಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ, ಕರೆಂಟು ಆ ಕಲೆಗಳನ್ನು ಸುತ್ತಿ ಸುತ್ತಿ ಹರಿಯತೊಡಗುತ್ತದೆ. ವಯಸ್ಸು, ಬೊಜ್ಜು, ಸಕ್ಕರೆ ಕಾಯಿಲೆ, ಥೈರಾಯಿಡ್ ಅತಿಯಾಗುವುದು, ಮದ್ಯಪಾನ ಎಲ್ಲವೂ ಇದಕ್ಕೆ ನೆರವಾಗುತ್ತವೆ.

1995ರಲ್ಲಿ ನೆದರ್ಲೆಂಡ್ಸಿನ ವಿಜ್ಞಾನಿಗಳು ಮೇಕೆಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ವಿಷಯ ಕಂಡುಕೊಂಡರು. ತಾಳ ತಪ್ಪಿದಷ್ಟೂ ಹೃತ್ಕರ್ಣದ ಜೀವಕೋಶಗಳು ಬದಲಾಗಿ, ಮುಂದಿನ ಸಲ ತಾಳ ತಪ್ಪುವುದು ಸುಲಭವಾಗುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಕಾಮರ್ಸ್ ಓದುವ ನನಗೆ ಇದು ಚಕ್ರಬಡ್ಡಿಯಂತೆ ಕಾಣುತ್ತದೆ. ತಡ ಮಾಡಿದಷ್ಟೂ ಸಾಲ ಬೆಳೆಯುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಇದೆ. ಇಕ್ಕಟ್ಟಾದ ಮನೆಗಳಲ್ಲಿ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಸರಿಯಾದ ಔಷಧಿ ಸಿಗದಿದ್ದರೆ ಕೆಲವರಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಬ್ಯಾಕ್ಟೀರಿಯಾ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಹೃದಯದ ಕವಾಟವನ್ನು ಹಾಳುಮಾಡುತ್ತದೆ. ಕವಾಟ ಕಿರಿದಾಗಿ ಎಡ ಹೃತ್ಕರ್ಣ ಉಬ್ಬುತ್ತದೆ, ಚಿಕ್ಕ ವಯಸ್ಸಿನಲ್ಲೇ ತಾಳ ತಪ್ಪಬಹುದು. ಇಂಥ ಕವಾಟವನ್ನು ಬಲೂನಿನಿಂದ ಅಗಲಿಸುವ ಚಿಕಿತ್ಸೆಗೆ ಜಯದೇವ ಸಂಸ್ಥೆಯೂ ಡಾ. ಸಿ.ಎನ್. ಮಂಜುನಾಥ್ ಅವರೂ ಹೆಸರುವಾಸಿ. ಅಷ್ಟೊಂದು ಜನಕ್ಕೆ ಆ ಚಿಕಿತ್ಸೆ ಬೇಕಾಗಿ ಬಂದಿದೆ ಎಂಬುದನ್ನೂ ನಾವು ಯೋಚಿಸಬೇಕು.

ನಿಜವಾದ ಅಪಾಯ ಎದೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ನಡುಗುವ ಹೃತ್ಕರ್ಣದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಈ ಕಾಯಿಲೆ ಇರುವವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು ಹೆಚ್ಚು. ಹೆಪ್ಪು ಕಟ್ಟದಂತೆ ತಡೆಯುವ ಮಾತ್ರೆಗಳಿವೆ. ಆದರೆ ಕಾಯಿಲೆ ಇದೆ ಎಂದು ಗೊತ್ತಾದರೆ ತಾನೇ ಮಾತ್ರೆ?

ನಾನು ಹೇಳಬೇಕೆಂದಿರುವುದು ಇದನ್ನೇ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಎದೆ ಡವಡವ ಎಂದರೆ ‘ಘಬರಾಹಟ್’ ಅನ್ನುತ್ತಾರೆ, ಪಕ್ಕದ ಮನೆಯವರು ‘ಗ್ಯಾಸ್’ ಅನ್ನುತ್ತಾರೆ. ಹೆಸರಿಟ್ಟ ಮೇಲೆ ವಿಚಾರಣೆ ಮುಗಿಯಿತು. ನನ್ನ ನಾನಿ ಎರಡು ವರ್ಷ ಜೀರಿಗೆ ಕಷಾಯ ಕುಡಿದರು. ಕೊನೆಗೆ ಬೇರೆ ಯಾವುದಕ್ಕೋ ಮಾಡಿಸಿದ ಇ.ಸಿ.ಜಿ.ಯಲ್ಲಿ ಇದು ಸಿಕ್ಕಿತು. ಹೆಂಗಸರ ಸುಸ್ತು, ಏದುಸಿರು, ಗಾಬರಿ ಎಲ್ಲವನ್ನೂ ‘ಟೆನ್ಷನ್’ ಎಂದು ತಳ್ಳಿಹಾಕುವುದು ನಮ್ಮಲ್ಲಿ ಅಭ್ಯಾಸವಾಗಿದೆ. ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ದಿನವಿಡೀ ದುಡಿಯುವ ಹೆಂಗಸಿಗೆ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಹಾಗಾಗಿ ‘ಗ್ಯಾಸ್’ ಎಂಬ ಉತ್ತರವೇ ಅಗ್ಗ.

ನಾವು ವೈದ್ಯರಲ್ಲ, ಸುಮ್ಮನೆ ಜನರನ್ನು ಹೆದರಿಸಿದಂತಾಗುವುದಿಲ್ಲವೇ ಎಂದು ಕೆಲವು ಗೆಳೆಯರು ಕೇಳಿದರು. ನಾಡಿ ನೋಡಿ ಕಾಯಿಲೆ ತೀರ್ಮಾನಿಸಿ ಎಂದು ನಾನು ಹೇಳುತ್ತಿಲ್ಲ. ಆರೋಗ್ಯವಂತರ ನಾಡಿಯೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ತೀರ್ಮಾನ ಇ.ಸಿ.ಜಿ.ಯದ್ದು, ಅದು ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಈ ತೊಂದರೆ ಬಂದು ಹೋಗುವುದರಿಂದ ಒಮ್ಮೆ ಸರಿ ಬಂದರೂ ಲಕ್ಷಣ ಮುಂದುವರಿದರೆ ಮತ್ತೆ ತೋರಿಸಬೇಕು.

ನಮ್ಮ ಎನ್.ಎಸ್.ಎಸ್. ಘಟಕದ ಮುಂದಿನ ಆರೋಗ್ಯ ಶಿಬಿರದಲ್ಲಿ ಬಿ.ಪಿ., ಸಕ್ಕರೆಯ ಜೊತೆ ಒಂದು ನಿಮಿಷ ನಾಡಿಯನ್ನೂ ನೋಡಲಿ. ಅದಕ್ಕೆ ಖರ್ಚಿಲ್ಲ. ಇದನ್ನು ಕಲಿಯಲು ಸೈನ್ಸ್ ವಿಭಾಗದವರೇ ಆಗಬೇಕಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡು ಎಣಿಸಿದರೆ ಸಾಕು. ರಂಜಾನ್ ಬಂದಾಗ ಹೆಪ್ಪು ತಡೆಯುವ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸದಿರಲಿ. ಸಹರಿಗೋ ಇಫ್ತಾರಿಗೋ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಲಿ. ಕಾಯಿಲೆಯವರಿಗೆ ರೋಜಾದಲ್ಲಿ ದೀನ್ ಕೊಟ್ಟಿರುವ ರಿಯಾಯಿತಿಯನ್ನು ಹಿರಿಯರಿಗೆ ನೆನಪಿಸುವುದೂ ನಮ್ಮ ಕೆಲಸ.

ಈ ಭಾನುವಾರ ಮನೆಯಲ್ಲಿ 65 ದಾಟಿದವರ ಪಕ್ಕ ಕೂತು ನಾಡಿ ಎಣಿಸಿ. ಬಡಿತದಲ್ಲಿ ಲೆಕ್ಕ ಸಿಗದಿದ್ದರೆ ಸೋಮವಾರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.