ಮನೆಯ ಹಳೆಯ ಕಾರಿಗೂ ಒಂದು ಖಾತೆ ಬೇಕು

ಕೋಳಿಕ್ಕೋಡಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಹಾಗೂ ತಿ. ನರಸೀಪುರಗಳ ಮೂಲಕ ಸಾಗಿ ಕೊಳ್ಳೇಗಾಲವನ್ನು ಸೇರುತ್ತದೆ. ನಂಜನಗೂಡು ಮತ್ತು ತಿ. ನರಸೀಪುರದ ವರ್ತಕರ ವ್ಯವಹಾರವು ಬಹುಮಟ್ಟಿಗೆ ಈ ಒಂದು ರಸ್ತೆಯ ಮೇಲೆಯೇ ನಡೆಯುತ್ತದೆ. ಬಂಡಿಪಾಳ್ಯದ ಕೃಷಿ ಉತ್ಪನ್ನ ಮಾರುಕಟ್ಟೆಗೆ, ಮೈಸೂರಿನ ಬ್ಯಾಂಕು, ತೆರಿಗೆ ಕಚೇರಿ ಹಾಗೂ ಆಸ್ಪತ್ರೆಗಳಿಗೆ, ಸುತ್ತೂರಿನ ಜಾತ್ರೆಗೆ, ನೆಂಟರ ಮದುವೆಗೆ ಹೋಗಿಬರಲು ಅನೇಕ ಕುಟುಂಬಗಳು ಆಶ್ರಯಿಸಿರುವುದು ಮನೆಯ ಮುಂದೆ ನಿಂತಿರುವ ಒಂದೇ ಕಾರನ್ನು. ಆ ಕಾರಿಗೆ ಹತ್ತೋ ಹದಿನೈದೋ, ಕೆಲವು ಮನೆಗಳಲ್ಲಿ ಇಪ್ಪತ್ತೋ ವರ್ಷ ತುಂಬಿರುತ್ತದೆ.

ಅಂಗಡಿಯ ಒಂದು ಚೀಲ ಅಕ್ಕಿಗೂ ದಾಸ್ತಾನು ಪುಸ್ತಕದಲ್ಲಿ ಸ್ಥಾನ ಕೊಡುವ ವರ್ತಕರು ಈ ಕಾರಿನ ದುರಸ್ತಿಗೆ ತೆತ್ತ ಹಣವನ್ನು ಮಾತ್ರ ಗಲ್ಲಾದಿಂದ ತೆಗೆದುಕೊಟ್ಟು ಮರೆತುಬಿಡುತ್ತಾರೆ. ಪರಿಣಾಮವಾಗಿ, ಕಾರನ್ನು ಇಟ್ಟುಕೊಳ್ಳಬೇಕೇ ಮಾರಬೇಕೇ ಎಂಬ ಪ್ರಶ್ನೆ ಎದ್ದಾಗ ಉತ್ತರವು ಲೆಕ್ಕದಿಂದ ಬರದೆ ಬೇಸರದಿಂದಲೋ ಮಮತೆಯಿಂದಲೋ ಬರುತ್ತದೆ. ರಸ್ತೆಯ ಮಧ್ಯೆ ನಿಂತ ದಿನ ಮಾರಿಬಿಡುವ ನಿರ್ಧಾರ. ದುರಸ್ತಿಯಾಗಿ ಸರಾಗವಾಗಿ ಓಡಿದ ದಿನ ಇನ್ನೂ ಹತ್ತು ವರ್ಷ ಇಟ್ಟುಕೊಳ್ಳುವ ಸಂಕಲ್ಪ. ಎರಡೂ ವಾಣಿಜ್ಯ ಬುದ್ಧಿಗೆ ಒಪ್ಪತಕ್ಕವಲ್ಲ.

ವಯಸ್ಸಾದ ಕಾರು ಕೆಡುವ ಬಗೆ

ಕಾರಿನ ಭಾಗಗಳು ಎರಡು ರೀತಿಯಲ್ಲಿ ಹಾಳಾಗುತ್ತವೆ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರುಗಳು ಓಡಿದಷ್ಟೂ ಸವೆಯುತ್ತವೆ. ರಬ್ಬರ್ ಕೊಳವೆ, ಆಯಿಲ್ ಸೀಲು, ವೈರಿಂಗ್‌ನ ಹೊದಿಕೆ, ಸಸ್ಪೆನ್ಷನ್ ಬುಷ್ಷುಗಳು ಓಡದೆ ನಿಂತಿದ್ದರೂ ಕಾಲಕ್ರಮದಲ್ಲಿ ಗಡುಸಾಗಿ ಬಿರುಕು ಬಿಡುತ್ತವೆ. ಬ್ರೇಕ್ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ‘ಕಾರು ಹದಿನೈದು ವರ್ಷದಲ್ಲಿ ನಲವತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ’ ಎಂಬುದು ಪೂರ್ಣ ಸಮಾಧಾನದ ಮಾತಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಲ್ಲಿ 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. ಮೇಲಿನ ಗೆರೆಗಳು ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ.

ಇನ್ನೊಂದು ಅಂಶವೂ ಗಮನಾರ್ಹ. ಕಾಲದಿಂದ ಕೆಡುವ ಭಾಗಗಳೆಲ್ಲ ಒಂದೇ ದಿನ ಹುಟ್ಟಿದವು. ಹಾಗಾಗಿ ಅವು ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ಕೈಕೊಡುತ್ತವೆ. ಈ ತಿಂಗಳು ರೇಡಿಯೇಟರ್ ಕೊಳವೆ, ಬರುವ ತಿಂಗಳು ಸ್ಟಾರ್ಟರ್ ಮೋಟಾರ್, ಅದರ ಮುಂದಿನ ತಿಂಗಳು ಬ್ರೇಕ್ ಸಿಲಿಂಡರಿನ ಸೀಲು ಎಂಬಂತೆ ಸಾಲುಸಾಲಾಗಿ ಖರ್ಚು ಬಂದಾಗ ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾನೆಂದು ಅನುಮಾನಿಸುವವರುಂಟು. ಅನೇಕ ಸಂದರ್ಭಗಳಲ್ಲಿ ಅದು ಮೋಸವಲ್ಲ, ಕಾರಿನ ವಯಸ್ಸು.

ಇಂಧನವೂ ಬದಲಾಗಿದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಕೆಲವು ಹಳೆಯ ವಾಹನಗಳಲ್ಲಿ 20 ಸಾವಿರದಿಂದ 30 ಸಾವಿರ ಕಿಲೋಮೀಟರ್ ಬಳಕೆಯ ನಂತರ ಕೆಲವು ರಬ್ಬರ್ ಭಾಗ ಹಾಗೂ ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ತಿಳಿಸಿತು. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಎಥೆನಾಲ್ ಬೇಡಿಕೆ ಹೆಚ್ಚಿದರೆ ಕಬ್ಬು ಬೆಳೆಗಾರರಿಗೂ ಅವರನ್ನು ನಂಬಿದ ವ್ಯಾಪಾರಕ್ಕೂ ಅನುಕೂಲವೇ. ಆ ಅನುಕೂಲದ ಜೊತೆಗೆ ಹಳೆಯ ಕಾರಿನ ಇಂಧನ ಕೊಳವೆಗಳನ್ನು ಪರೀಕ್ಷಿಸಿಕೊಳ್ಳುವ ಹೊಣೆಯೂ ಬಂದಿದೆ.

ಮೂರು ಅಂಕಣಗಳ ಪುಸ್ತಕ

ಹಳೆಯ ಕಾರನ್ನು ಇಟ್ಟುಕೊಂಡ ಪ್ರತಿಯೊಂದು ಕುಟುಂಬವೂ ಮೂರು ಅಂಕಣಗಳ ಒಂದು ಸಣ್ಣ ಪುಸ್ತಕವನ್ನು ಇಡುವುದು ಅಪೇಕ್ಷಣೀಯ. ಮೊದಲನೆಯ ಅಂಕಣದಲ್ಲಿ ಆಯಿಲ್, ಫಿಲ್ಟರ್, ಟೈರು, ಬ್ಯಾಟರಿ, ವಿಮೆಗಳ ಖರ್ಚು. ಇದು ಹೊಸ ಕಾರಿಗೂ ತಪ್ಪದು. ಎರಡನೆಯದರಲ್ಲಿ ವಯಸ್ಸಿನಿಂದಾಗಿ ಬಂದ ದುರಸ್ತಿಗಳು. ಮೂರನೆಯದರಲ್ಲಿ ಕಾರು ನಿಂತುಹೋದ ದಿನಗಳು: ಆ ದಿನ ಕೊಟ್ಟ ಬಾಡಿಗೆ, ಎಳೆದುತರಲು ಕೊಟ್ಟ ಹಣ, ತಪ್ಪಿದ ವ್ಯವಹಾರ.

ಬಹಳಷ್ಟು ಮನೆಗಳಲ್ಲಿ ಮೂರನೆಯ ಅಂಕಣ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಆದರೆ ಹಳೆಯ ಕಾರಿನ ನಿಜವಾದ ವೆಚ್ಚ ಅಡಗಿರುವುದು ಅಲ್ಲಿಯೇ. ಉದಾಹರಣೆಗೆ, ವಯನಾಡಿಗೆ ಹೊರಟ ವರ್ತಕನ ಕಾರು ಸಂಜೆ ಗುಂಡ್ಲುಪೇಟೆಯ ಬಳಿ ಬಿಸಿಯೇರಿ ನಿಂತರೆ ಅದು ಒಂದು ಕೊಳವೆಯ ಬೆಲೆಯ ನಷ್ಟವಲ್ಲ. ಬಂಡೀಪುರ ಅರಣ್ಯದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ. ಗೇಟು ಮುಚ್ಚುವ ಮೊದಲು ದುರಸ್ತಿಯಾಗದಿದ್ದರೆ ಒಂದು ರಾತ್ರಿಯೂ ಮರುದಿನದ ಕೆಲಸವೂ ಕೈತಪ್ಪುತ್ತವೆ.

ಹೋದ ಹಣ, ಮುಂದಿನ ಹಣ

ದುರಸ್ತಿಯ ಚರ್ಚೆಯಲ್ಲಿ ಎರಡು ತಪ್ಪು ವಾದಗಳು ಮತ್ತೆಮತ್ತೆ ಕೇಳಿಬರುತ್ತವೆ. ‘ಈಗಾಗಲೇ ಐವತ್ತು ಸಾವಿರ ಸುರಿದಾಗಿದೆ, ಇನ್ನು ಮಾರುವುದು ಹೇಗೆ’ ಎಂಬುದು ಮೊದಲನೆಯದು. ಸುರಿದ ಹಣ ಹೋದ ಹಣ. ಇಟ್ಟುಕೊಂಡರೂ ಮಾರಿದರೂ ಅದು ಹಿಂದಿರುಗದು. ‘ಕಾರಿನ ಬೆಲೆಯ ಅರ್ಧದಷ್ಟು ದುರಸ್ತಿಗೇ ಹೋಗುವುದಾದರೆ ಮಾರಿಬಿಡುವುದೇ ಲೇಸು’ ಎಂಬುದು ಎರಡನೆಯದು. ಇದೂ ಅಷ್ಟೇ ದುರ್ಬಲ. ದುರಸ್ತಿಯನ್ನು ಹೋಲಿಸಬೇಕಾದುದು ಕಾರಿನ ಮಾರಾಟ ಬೆಲೆಯೊಂದಿಗೆ ಅಲ್ಲ. ಅದರ ಬದಲಿಗೆ ಬರುವ ಕಾರಿನ ವಾರ್ಷಿಕ ವೆಚ್ಚದೊಂದಿಗೆ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಹದಿನೈದು ವರ್ಷದ ಕಾರಿಗೆ ರೂ. 60,000 ಬೆಲೆಯಿದೆ, ಕ್ಲಚ್ ಮತ್ತು ಸಸ್ಪೆನ್ಷನ್ ಕೆಲಸಕ್ಕೆ ರೂ. 35,000 ಬೇಕು; ವರ್ಷದಲ್ಲಿ ಕಾರು ನಿಂತ ದಿನಗಳ ವೆಚ್ಚ ರೂ. 12,000. ಒಟ್ಟು ರೂ. 47,000. ಬದಲಿಗೆ ರೂ. 5 ಲಕ್ಷದ ಹೊಸ ಕಾರನ್ನು ಕೊಂಡರೆ, ಶೇ. 15ರ ದರದಲ್ಲಿ ಹಿಡಿದರೂ ಮೊದಲ ವರ್ಷದ ಸವಕಳಿ ರೂ. 75,000. ರೂ. 4 ಲಕ್ಷ ಸಾಲಕ್ಕೆ ಶೇ. 9ರಂತೆ ಐದು ವರ್ಷಗಳ ಕಂತಾದರೆ ಮೊದಲ ವರ್ಷದ ಬಡ್ಡಿ ಸುಮಾರು ರೂ. 33,000. ಎರಡೂ ಸೇರಿ ರೂ. 1,08,000. ಇಲ್ಲಿ ಹಳೆಯ ಕಾರೇ ಗೆಲ್ಲುತ್ತದೆ. ಆದರೆ ರೂ. 3 ಲಕ್ಷಕ್ಕೆ ನಾಲ್ಕೈದು ವರ್ಷದ ಕಾರೊಂದು ಸಿಕ್ಕರೆ ಅದರ ಸವಕಳಿ ರೂ. 45,000, ಹಳೆಯದನ್ನು ಮಾರಿ ಮೇಲೆ ಹಾಕಬೇಕಾದ ರೂ. 2,40,000ಕ್ಕೆ ಶೇ. 7ರ ಬಡ್ಡಿ ರೂ. 16,800, ಒಟ್ಟು ರೂ. 61,800. ಈಗ ಅಂತರ ರೂ. 14,800 ಮಾತ್ರ. ವರ್ಷದಲ್ಲಿ ಇನ್ನೊಂದು ದೊಡ್ಡ ದುರಸ್ತಿ ಬಂದರೆ ತಕ್ಕಡಿ ಮಗುಚುತ್ತದೆ. ಅಂಕಿಗಳು ಮನೆಯಿಂದ ಮನೆಗೆ ಬೇರೆಯಾಗುತ್ತವೆ. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ. ಮೂರು ವರ್ಷಗಳ ಸರಾಸರಿ ಇಲ್ಲದೆ ಈ ಲೆಕ್ಕ ಸಾಧ್ಯವಿಲ್ಲ. ಪುಸ್ತಕದ ಅಗತ್ಯವಿರುವುದು ಇದಕ್ಕಾಗಿಯೇ.

ತೆರಿಗೆ, ನೋಂದಣಿ ಮತ್ತು ವಿಮೆ

ಸಂಸ್ಥೆಯ ಹೆಸರಿನಲ್ಲಿರುವ ಕಾರಿನ ಬಗ್ಗೆ ಕೆಲವು ಅಂಶಗಳನ್ನು ವರ್ತಕರು ನೆನಪಿಡಬೇಕು. ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಕಾರಿಗೆ ಉಳಿದ ಮೌಲ್ಯದ ಮೇಲೆ ಶೇ. 15ರ ಸವಕಳಿ ದೊರೆಯುತ್ತದೆ. ರೂ. 5 ಲಕ್ಷಕ್ಕೆ ಕೊಂಡ ಕಾರು ಹದಿನೈದು ವರ್ಷಗಳ ನಂತರ ಪುಸ್ತಕದಲ್ಲಿ ಸುಮಾರು ರೂ. 43,700ಕ್ಕೆ ಇಳಿದಿರುತ್ತದೆ. ಮನೆಯ ಬಳಕೆಗೆ ಸಲ್ಲುವ ಪಾಲಿನ ಸವಕಳಿ ಹಾಗೂ ದುರಸ್ತಿ ವೆಚ್ಚವನ್ನು ವ್ಯಾಪಾರದ ಖರ್ಚಾಗಿ ತೋರಿಸಲಾಗದು. ಅಂದಾಜು ಆದಾಯ ಪದ್ಧತಿಯನ್ನು ಆಯ್ದುಕೊಂಡವರಿಗೆ ಪ್ರತ್ಯೇಕ ಕಡಿತವೇ ಇಲ್ಲ.

ಸರಕು ಮತ್ತು ಸೇವಾ ತೆರಿಗೆಯಲ್ಲಿ, ಚಾಲಕನೂ ಸೇರಿ ಹದಿಮೂರು ಜನರವರೆಗೆ ಕೂರಬಹುದಾದ ಕಾರಿನ ಖರೀದಿಗೂ ಅದರ ದುರಸ್ತಿಗೂ ಪಾವತಿಸಿದ ತೆರಿಗೆಯು ಸಾಮಾನ್ಯ ವರ್ತಕರಿಗೆ ಹಿಂದಿರುಗುವುದಿಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ನಡೆಸುವವರಿಗೆ ಮಾತ್ರ ವಿನಾಯಿತಿಯುಂಟು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ತೆರಿಗೆಯೂ ಬಿಡಿಭಾಗಗಳ ಮೇಲಿನ ತೆರಿಗೆಯೂ ಶೇ. 28ರಿಂದ ಶೇ. 18ಕ್ಕೆ ಇಳಿದಿವೆ. ಹೀಗಾಗಿ ಹೊಸ ಕಾರಿನ ಪಕ್ಷಕ್ಕೂ ದುರಸ್ತಿಯ ಪಕ್ಷಕ್ಕೂ ಒಂದಿಷ್ಟು ಬಲ ಬಂದಿದೆ. ನೋಂದಾಯಿತ ಸಂಸ್ಥೆಯು ಹಳೆಯ ಕಾರನ್ನು ಮಾರಿದರೆ, 2025ರ ಜನವರಿಯಿಂದ, ಮಾರಾಟ ಬೆಲೆಯಲ್ಲಿ ಸವಕಳಿ ಕಳೆದುಳಿದ ಮೌಲ್ಯಕ್ಕಿಂತ ಹೆಚ್ಚಾದ ಮೊತ್ತದ ಮೇಲೆ ಮಾತ್ರ ಶೇ. 18 ತೆರಿಗೆ. ಮೇಲಿನ ಕಾರು ರೂ. 60,000ಕ್ಕೆ ಮಾರಾಟವಾದರೆ ತೆರಿಗೆ ಸುಮಾರು ರೂ. 2,900, ಪುಸ್ತಕದ ಮೌಲ್ಯಕ್ಕಿಂತ ಕಡಿಮೆಗೆ ಹೋದರೆ ತೆರಿಗೆಯಿಲ್ಲ. ಇದನ್ನರಿಯದೆ ಪೂರ್ಣ ಬೆಲೆಯ ಮೇಲೆ ತೆರಿಗೆ ಬೀಳುತ್ತದೆಂದು ಹೆದರಿ ಕಾರನ್ನು ಶೆಡ್ಡಿನಲ್ಲಿ ಕೊಳೆಸುವುದು ಅನಗತ್ಯ.

ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷಗಳ ಅವಧಿ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ರೂ. 600 ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ರೂ. 5,000 ಆಯಿತು. ಇಪ್ಪತ್ತು ವರ್ಷ ಮೀರಿದ ಕಾರಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ ರೂ. 10,000. ವಯಸ್ಸಿನ ಆಧಾರದ ಮೇಲೆ ದೆಹಲಿ ವಲಯದಲ್ಲಿ ವಿಧಿಸಿದ ನಿರ್ಬಂಧಗಳು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಆ ಸುದ್ದಿಯನ್ನು ತೋರಿಸಿ ಅಗ್ಗದ ಬೆಲೆಗೆ ಕಾರು ಕೇಳುವವರ ಮಾತಿಗೆ ಮರುಳಾಗಬೇಕಿಲ್ಲ.

ವಿಮೆಯ ವಿಷಯದಲ್ಲಿಯೂ ಭ್ರಮೆ ಸಲ್ಲದು. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ. 50 ಸವಕಳಿ ಕಡಿತವಾಗುತ್ತದೆ. ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಿಗೂ ಅಷ್ಟೇ. 2019ರ ಆಗಸ್ಟ್‌ನ ಕಪಿಲಾ ಪ್ರವಾಹದಲ್ಲಿ ಮೈಸೂರು–ನಂಜನಗೂಡು ರಸ್ತೆಯ ಮೇಲೆ ನೀರು ಬಂದುದನ್ನು ಯಾರೂ ಮರೆತಿಲ್ಲ. ನೀರು ನುಗ್ಗಿದ ಎಂಜಿನನ್ನು ಚಾಲೂ ಮಾಡಲು ಹೋದರೆ ಸಿಲಿಂಡರಿನೊಳಗಿನ ನೀರು ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತದೆ. ಸಾಮಾನ್ಯ ಪಾಲಿಸಿ ಈ ಹಾನಿಯನ್ನು ತುಂಬಿಕೊಡುವುದಿಲ್ಲ.

ಲೆಕ್ಕಕ್ಕೆ ಮೀರಿದ ಒಂದು ಅಂಶ

ಇಷ್ಟೆಲ್ಲ ಅಂಕಿಗಳ ನಂತರವೂ ಒಂದು ವಿಷಯವನ್ನು ರೂಪಾಯಿಗಳಲ್ಲಿ ಬರೆಯಲಾಗದು. ದೇಶದಲ್ಲಿ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಎ.ಬಿ.ಎಸ್. ಬ್ರೇಕು ಹಾಗೂ ಚಾಲಕನ ಏರ್‌ಬ್ಯಾಗು ಕಡ್ಡಾಯವಾದುದು 2019ರಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗು 2022ರ ಆರಂಭದಿಂದ. 1983ರಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ಉತ್ಪಾದನೆ ನಿಂತ ಮಾರುತಿ 800ರಂಥ ಕಾರುಗಳಲ್ಲಿ ಇವು ಇರಲಿಲ್ಲ. ಯಾವ ಗ್ಯಾರೇಜಿನ ಕೆಲಸದಿಂದಲೂ ಇವನ್ನು ನಂತರ ಸೇರಿಸಲಾಗದು. ನಾಲ್ಕು ಪಥದ ಮೈಸೂರು–ನಂಜನಗೂಡು ರಸ್ತೆಯಲ್ಲಿ ಹಳೆಯ ಕಾರಿನ ಪಕ್ಕದಲ್ಲಿ ಓಡುವ ವಾಹನಗಳ ವೇಗ ಅಂದಿನ ವೇಗವಲ್ಲ. ತಳಭಾಗದ ಚಾಸಿಗೆ ತುಕ್ಕು ಹಿಡಿದಿದ್ದರೆ, ಬ್ರೇಕು ಪದೇಪದೇ ಕೈಕೊಡುತ್ತಿದ್ದರೆ ಮೂರು ಅಂಕಣಗಳನ್ನು ಕೂಡುವ ಅಗತ್ಯವೇ ಇಲ್ಲ. ಆ ಕಾರಿನಲ್ಲಿ ಮಕ್ಕಳನ್ನೂ ವೃದ್ಧರನ್ನೂ ಕೂರಿಸಬಾರದು.

ನಂಜನಗೂಡಿನಲ್ಲಿ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಸೇತುವೆ ಇಂದಿಗೂ ಉಳಿದಿದೆ. ಒಂದು ಕಾಲಕ್ಕೆ ರೈಲನ್ನೂ ಹೊತ್ತಿದ್ದ ಆ ಸೇತುವೆಗೆ ಪಾರಂಪರಿಕ ಮನ್ನಣೆ ಸಂದಿದೆ. ರೈಲು ಮಾತ್ರ ಹೊಸ ಸೇತುವೆಯ ಮೇಲೆ ಓಡುತ್ತದೆ. ಹಳೆಯ ಕಾರಿನ ವಿಷಯದಲ್ಲಿಯೂ ಇದೇ ವಿವೇಕ ಸಾಕು. ಪೇಟೆಯೊಳಗಿನ ಓಡಾಟಕ್ಕೆ, ಹತ್ತಿರದ ಹಳ್ಳಿಯ ಗದ್ದೆಗೆ ಅದು ಸಲ್ಲಲಿ; ರಾತ್ರಿಯ ಪ್ರಯಾಣ, ಘಟ್ಟದ ದಾರಿ, ಆಸ್ಪತ್ರೆಯ ತುರ್ತಿಗೆ ನಂಬಿಕೆಯ ಬಾಡಿಗೆ ವಾಹನವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಮಾಡಬೇಕಾದುದು

ಮೊದಲನೆಯದಾಗಿ, ದುರಸ್ತಿಗೆ ಬಿಡುವ ಮುನ್ನವೇ ವರ್ಷಕ್ಕೊಂದು ಮಿತಿಯನ್ನು ಮನೆಯವರೆಲ್ಲ ಕೂತು ನಿಶ್ಚಯಿಸಬೇಕು. ರಸ್ತೆಯಲ್ಲಿ ನಿಂತ ಕಾರಿನ ಬಾನೆಟ್ ತೆರೆದಿಟ್ಟು ಮಾಡಿದ ನಿರ್ಧಾರ ಸರಿಯಾಗುವುದು ಅಪರೂಪ. ಎರಡನೆಯದಾಗಿ, ಎರಡೂ ಪಟ್ಟಣಗಳ ಗ್ಯಾರೇಜಿನವರು ಬದಲಿಸಿದ ಭಾಗ, ದಿನಾಂಕ, ಕಿಲೋಮೀಟರ್‌ಗಳನ್ನು ಬರೆದ ರಸೀದಿ ಕೊಡುವ ರೂಢಿಯನ್ನು ಬೆಳೆಸಿಕೊಳ್ಳಬೇಕು. ಗಿರಾಕಿಯೂ ಅದನ್ನು ಕೇಳಿ ಪಡೆಯಬೇಕು. ಮಾರುವ ದಿನ ಆ ರಸೀದಿಗಳ ಕಟ್ಟೇ ಕಾರಿಗೆ ಬೆಲೆ ತರುತ್ತದೆ. ಮೂರನೆಯದಾಗಿ, ಕಾರ್ಬ್ಯುರೇಟರ್ ಕಾಲದಲ್ಲಿ ಕೈಪಳಗಿದ ಮೆಕ್ಯಾನಿಕ್‌ಗಳಿಗೆ ವಿದ್ಯುನ್ಮಾನ ದೋಷಪತ್ತೆಯ ತರಬೇತಿ ಕೊಡಿಸಲು ವಾಣಿಜ್ಯ ಸಂಸ್ಥೆಗಳು ಮುಂದಾಗಬೇಕು. ಬಂದುಹೋಗುವ ವಿದ್ಯುತ್ ದೋಷವನ್ನು ಊಹೆಯಿಂದ ಹುಡುಕುತ್ತ ಒಂದರ ಹಿಂದೊಂದು ಭಾಗ ಬದಲಿಸುವುದರಿಂದ ಗಿರಾಕಿಗೂ ನಷ್ಟ, ಗ್ಯಾರೇಜಿನ ಹೆಸರಿಗೂ ನಷ್ಟ.

ವರ್ಷಗಳ ಕಾಲ ಸಂಸಾರವನ್ನು ಹೊತ್ತ ವಾಹನದ ಮೇಲೆ ಮಮತೆ ಇರುವುದು ಸಹಜ. ಆ ಮಮತೆಯ ಬೆಲೆ ಎಷ್ಟೆಂದು ಪುಸ್ತಕದಲ್ಲಿ ಕಂಡುಕೊಂಡ ಮೇಲೆಯೂ ಕಾರನ್ನು ಉಳಿಸಿಕೊಳ್ಳಬಯಸುವವರು ಧಾರಾಳವಾಗಿ ಉಳಿಸಿಕೊಳ್ಳಲಿ. ಬರುವ ಏಪ್ರಿಲ್ 1ಕ್ಕೆ ಅಂಗಡಿಯ ಹೊಸ ಲೆಕ್ಕದ ಪುಸ್ತಕಗಳನ್ನು ತೆರೆಯುವಾಗ, ಅವುಗಳ ಪಕ್ಕದಲ್ಲಿ ಕಾರಿನ ಹೆಸರಿನಲ್ಲಿಯೂ ಒಂದು ಪುಟ್ಟ ಪುಸ್ತಕ ತೆರೆಯಲಿ.