ಸಹಿ ಹಾಕುವ ಮುನ್ನ

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ಬೆನ್ನಿಗೇ 21ರ ಹರೆಯದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. 2025ರಲ್ಲಿ ತಿರುವನಂತಪುರದಲ್ಲಿ ಇಂತಹುದೇ ಶಸ್ತ್ರಕ್ರಿಯೆಗೆ ಒಳಗಾದ ಯುವತಿಯೊಬ್ಬರ ಕೈಕಾಲಿನ 9 ಬೆರಳುಗಳನ್ನು ಕತ್ತರಿಸಬೇಕಾಯಿತು.

ನುರಿತವರ ಕೈಯಲ್ಲಿ ಇದು ಬಹುಮಟ್ಟಿಗೆ ಸುಸೂತ್ರವಾಗಿ ನಡೆಯುತ್ತದೆಂಬುದು ನಿಜ. ಆದರೆ ‘ಲೇಸರ್’ ಎಂಬ ಹೆಸರಿಗೆ ಮರುಳಾಗಬಾರದು. ಅಲ್ಲಿಯೂ ಚರ್ಮದಡಿಗೆ ನಳಿಕೆ ತೂರಿಸಲೇಬೇಕು. ಶಾಖದಿಂದ ಚರ್ಮ ಸುಡುವ ಭಯ ಬೇರೆ. ಇದು ಬೊಜ್ಜಿಗೆ ಮದ್ದೂ ಅಲ್ಲ. ಊಟ ಮಿತಿ ಮೀರಿದರೆ ಮೈ ಮತ್ತೆ ಬೆಳೆಯುತ್ತದೆ.

ಶಸ್ತ್ರ ಹಿಡಿಯುವವರು ಪ್ಲಾಸ್ಟಿಕ್ ಸರ್ಜನರೇ, ಅರಿವಳಿಕೆ ತಜ್ಞರಿದ್ದಾರೆಯೇ, ತೀವ್ರ ನಿಗಾ ಘಟಕವಿದೆಯೇ ಎಂದು ಮೊದಲೇ ವಿಚಾರಿಸಬೇಕು. ತಿಳಿದು ಒಪ್ಪುವುದು ರೋಗಿಯ ಹಕ್ಕೆಂದು 2008ರಲ್ಲಿಯೇ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಒಪ್ಪಿಗೆ ಪತ್ರ ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳದೆ ಯಾರೂ ಸಹಿ ಹಾಕಕೂಡದು.